ಹೊರಗೆ ಹೋದ ಇಬ್ಬರು

ನಮ್ಮ ಕಾಲೇಜಿನ ಅಧ್ಯಾಪಕ ಮಂಡಳಿಯಲ್ಲಿ ಒಂದು ರೂಢಿ ಇತ್ತು. ಯಾರ ವಿಷಯಕ್ಕೆ ಕತ್ತರಿ ಬೀಳುವುದಿದೆಯೋ ಅವರು ಮತ ಹಾಕುವ ಹೊತ್ತಿಗೆ ಸಭೆ ಬಿಟ್ಟು ಹೊರಗೆ ಹೋಗಬೇಕು. ಇದು ಯಾವ ನಿಯಮದ ಪುಸ್ತಕದಲ್ಲೂ ಬರೆದಿರಲಿಲ್ಲ. ಎದುರಿಗೆ ಕೂತ ಮನುಷ್ಯನ ಮುಖ ನೋಡುತ್ತ 'ನಿಮ್ಮದು ಬೇಡ' ಎನ್ನುವುದು ನಮ್ಮ ವಿಜಾಪುರದ ಮಂದಿಗೆ ಆಗದ ಮಾತು. ಬೆನ್ನ ಹಿಂದೆ ಎಷ್ಟಾದರೂ ಅನ್ನುತ್ತೇವೆ, ಎದುರಿಗೆ ಬಂದರೆ 'ಬರ್ರಿ, ಚಾ ಕುಡೀರಿ'. ಹಾಗಾಗಿ ವಿಷಯ ಕಳೆದುಕೊಳ್ಳಲಿರುವವರು ತಾವಾಗಿಯೇ ಎದ್ದು, ವರಾಂಡದ ನೀರಿನ ಹರವಿಯ ಹತ್ತಿರ ನಿಂತು ಒಂದು ತಂಬಿಗೆ ನೀರು ಕುಡಿಯುತ್ತಿದ್ದರು. ಒಳಗೆ ಕೈಗಳು ಏಳುತ್ತಿದ್ದವು. ಆಮೇಲೆ ಕಾರ್ಯದರ್ಶಿ ಹೋಗಿ ಅವರನ್ನು ಕರೆದು ತರಬೇಕು.

ಆ ಕಾರ್ಯದರ್ಶಿ ನಾನು. ಇತಿಹಾಸ ಕಲಿಸುತ್ತಿದ್ದೆ, ವಯಸ್ಸು ಇಪ್ಪತ್ತಾರು, ಅಕ್ಷರ ದುಂಡಗೆ. ಈ ಮೂರೂ ಒಬ್ಬನಲ್ಲಿ ಸೇರಿದರೆ ಕಾರ್ಯದರ್ಶಿಯ ಕೆಲಸ ಅವನ ಕೊರಳಿಗೆ ಬೀಳದೆ ಇರುವುದಿಲ್ಲ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈ ಕಥೆಯಲ್ಲಿ ಅದು ಯಾರ ಮೇಲೆ ಬರಬಾರದಿತ್ತೋ ಅವರ ಮೇಲೆಯೇ ಬಂತು.

೧೯೪೮ರ ಮಾರ್ಚಿನಲ್ಲಿ ವಿದ್ಯಾಪೀಠದಿಂದ ಒಂದು ಸುತ್ತೋಲೆ ಬಂತು. ನಮ್ಮಂಥ ಸಣ್ಣ ಕಾಲೇಜುಗಳು ಇಂಗ್ಲಿಷ್ ಬಿಟ್ಟು ಒಂದೇ ಒಂದು ಭಾಷೆಯಲ್ಲಿ ಆನರ್ಸ್ ತರಗತಿ ನಡೆಸಬಹುದು. ಯಾವ ಭಾಷೆ ಎಂಬುದನ್ನು ಅಧ್ಯಾಪಕರೇ ಸಭೆ ಸೇರಿ ನಿರ್ಣಯಿಸಿ ತಿಂಗಳ ಕೊನೆಯೊಳಗೆ ತಿಳಿಸಬೇಕು. ತಿಳಿಸದಿದ್ದರೆ ಈಗ ಇರುವುದೇ ಇನ್ನೊಂದು ವರ್ಷ ಮುಂದುವರಿಯುತ್ತದೆ.

ಈಗ ಇದ್ದದ್ದು ಪರ್ಶಿಯನ್. ಅದನ್ನು ಕಲಿಸುತ್ತಿದ್ದವರು ಅಬ್ದುಲಸಮದ ಸಾಹೇಬರು. ಗೋಳಗುಮ್ಮಟದ ಹತ್ತಿರ ಅವರ ಮನೆ. ತೆಳ್ಳಗಿನ ಮನುಷ್ಯ, ಮಾತು ಇನ್ನೂ ತೆಳ್ಳಗೆ. ಅವರ ಆನರ್ಸ್ ತರಗತಿಯಲ್ಲಿ ಆ ವರ್ಷ ಒಬ್ಬಳೇ ವಿದ್ಯಾರ್ಥಿನಿ, ಬಬಲೇಶ್ವರದ ಕಾಶೀಬಾಯಿ. ಅವಳದು ಕುಲಕರ್ಣಿ ಮನೆತನ. ಮನೆಯ ಅಟ್ಟದಲ್ಲಿ ಆದಿಲಶಾಹಿ ಕಾಲದ ಪರ್ಶಿಯನ್ ಕಾಗದಪತ್ರಗಳ ಗಂಟುಗಳಿದ್ದವು, ಓದಲು ಬರುತ್ತಿದ್ದದ್ದು ಅಜ್ಜನೊಬ್ಬನಿಗೆ, ಅವನಿಗೂ ಕಣ್ಣು ಮಂಜಾಗಿತ್ತು. ಮೊಮ್ಮಗಳು ಓದಲಿ ಎಂದು ಅವಳನ್ನು ವಿಜಾಪುರದಲ್ಲಿ ಸೋದರತ್ತೆಯ ಮನೆಯಲ್ಲಿ ಇಟ್ಟಿದ್ದ. ಅವಳ ತಂದೆ ಮಾತ್ರ ತಿಕೋಟಾದಲ್ಲಿ ಒಂದು ಸಂಬಂಧ ನೋಡಿಟ್ಟುಕೊಂಡು, ಆನರ್ಸ್ ಎನ್ನುವುದು ಯಾವಾಗ ಮುಗಿಯುತ್ತದೆ ಎಂದು ತಿಂಗಳಿಗೊಮ್ಮೆ ಕೇಳುತ್ತಿದ್ದ. ಅವಳಿಗೆ ಇನ್ನೊಂದು ವರ್ಷದ ಓದು ಬಾಕಿ ಇತ್ತು. ಇಲ್ಲಿ ತರಗತಿ ಮುಚ್ಚಿದರೆ ಪುಣೆಗೋ ಮುಂಬಯಿಗೋ ಕಳಿಸುವ ಮನೆಯಲ್ಲ ಅದು. ಓದು ನಿಂತ ದಿನವೇ ಮದುವೆಯ ಹಂದರ ಏಳುತ್ತಿತ್ತು.

ಬರಲು ಕಾದಿದ್ದದ್ದು ಕನ್ನಡ. ಅದನ್ನು ಕಲಿಸುತ್ತಿದ್ದವರು ಗುರುಪಾದಯ್ಯ ಮಾಸ್ತರರು, ಕಾಖಂಡಕಿಯವರು. ಹೈಸ್ಕೂಲಿನಲ್ಲಿ ನನಗೂ ಕಲಿಸಿದವರು. ಅವರ ಪಾಠ ಕೇಳದಿದ್ದರೆ ನಾನು ಅಪ್ಪನ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತ ಕೂತಿರುತ್ತಿದ್ದೆ. ಕಾಲೇಜಿಗೆ ಬಂದಮೇಲೆ ಅವರ ಪಾಲಿಗೆ ಉಳಿದದ್ದು ಸಾಮಾನ್ಯ ಕನ್ನಡ, ಎಲ್ಲರೂ ಕಡ್ಡಾಯವಾಗಿ ಕೂರಬೇಕಾದ ಪತ್ರಿಕೆ. ಎಪ್ಪತ್ತು ಹುಡುಗರು ಕಿಟಕಿಯಾಚೆ ಪಾರಿವಾಳ ಎಣಿಸುತ್ತಿರುವಾಗ ಮಾಸ್ತರರು ಹಳಗನ್ನಡದ ಒಂದು ಸಾಲನ್ನು ಹಿಡಿದು ತಾವೊಬ್ಬರೇ ಸಂತೋಷಪಡುತ್ತಿದ್ದರು. ಕೇಳಬೇಕು ಎಂದೇ ಬಂದು ಕೂತ ನಾಲ್ಕು ಮಂದಿಗೆ ಒಮ್ಮೆ ಕನ್ನಡ ಕಲಿಸಬೇಕು ಎನ್ನುವುದು ಅವರ ಬಹಳ ವರ್ಷಗಳ ಆಸೆ. ಜೂನಿನಿಂದ ಆರಂಭವಾಗುವ ವರ್ಷವೇ ಅವರ ನೌಕರಿಯ ಕೊನೆಯ ವರ್ಷ. ಈಗ ಆಗದಿದ್ದರೆ ಆಗಲಿಲ್ಲ.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಸಭೆ. ನಾವು ಒಟ್ಟು ಒಂಬತ್ತು ಅಧ್ಯಾಪಕರು. ಇಬ್ಬರು ಪರೀಕ್ಷೆಯ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದರು, ಒಬ್ಬರಿಗೆ ಜ್ವರ. ಉಳಿದ ಆರು ಮಂದಿ ಪ್ರಿನ್ಸಿಪಾಲ ಶಿವಯೋಗೆಪ್ಪನವರ ಕೋಣೆಯಲ್ಲಿ ಸೇರಿದೆವು. ಸುತ್ತೋಲೆಯನ್ನು ನಾನು ಓದಿದೆ. ಅಬ್ದುಲಸಮದ ಸಾಹೇಬರು ಟೋಪಿ ಸರಿಮಾಡಿಕೊಂಡು ಎದ್ದರು.

"ನಾ ಹೊರಗಿರ್ತೀನ್ರಿ. ನೀವು ಮನಸ್ ಬಿಚ್ಚಿ ಮಾತಾಡ್ರಿ," ಅಂದರು.

ಅವರ ಹಿಂದೆಯೇ ಗುರುಪಾದಯ್ಯ ಮಾಸ್ತರರೂ ಎದ್ದರು.

"ನೀವ್ಯಾಕ್ರಿ? ನಿಮ್ಮ ವಿಷಯಕ್ಕ ಕತ್ತರಿ ಇಲ್ಲಲ್ಲ," ಅಂದರು ಪ್ರಿನ್ಸಿಪಾಲರು.

"ಇರಲ್ರಿ. ಅವ್ರೊಬ್ರ ಹೊರಗ ನಿಂದ್ರೂದು ಚಂದ ಕಾಣೂದಿಲ್ಲ," ಎಂದು ಮಾಸ್ತರರು ಹೆಗಲ ಮೇಲಿನ ಉತ್ತರೀಯ ಎಳೆದುಕೊಂಡು ಹೊರಟೇಬಿಟ್ಟರು.

ಉಳಿದ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾತು ಬಹಳ ಆಗಲಿಲ್ಲ. ಕನ್ನಡ ನಾಡಿನ ಕಾಲೇಜು, ಕನ್ನಡಕ್ಕೆ ಆನರ್ಸ್ ಇಲ್ಲ ಎಂದರೆ ನಗೆಗೇಡು ಎಂದು ಇಂಗ್ಲಿಷ್ ಕಲಿಸುವವರೇ ಅಂದರು. ಕೈ ಎತ್ತಿ ಎಂದಾಗ ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ. ಕಾಶೀಬಾಯಿ ನೆನಪಾಗಲಿಲ್ಲ ಎಂದಲ್ಲ. ನೆನಪಾದಳು. ಆದರೂ ಕೈ ಇಳಿಸಲಿಲ್ಲ. ನಾಲ್ಕಕ್ಕೆ ನಾಲ್ಕೂ ಕನ್ನಡಕ್ಕೆ ಬಿದ್ದವು.

ಕರೆಯಲು ಹೋದಾಗ ಮಾಸ್ತರರು ತಂಬಿಗೆಯಿಂದ ನೀರು ಸುರಿಯುತ್ತಿದ್ದರು, ಸಾಹೇಬರು ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ನನ್ನ ಮುಖ ನೋಡಿಯೇ ಸಾಹೇಬರಿಗೆ ತಿಳಿಯಿತು. ಕೈ ಒರೆಸಿಕೊಂಡು ಮಾಸ್ತರರ ಎರಡೂ ಕೈ ಹಿಡಿದು "ಮುಬಾರಕ್ರಿ ಗುರುಗಳ," ಅಂದರು. ಅದರಲ್ಲಿ ಒಂದಿಷ್ಟೂ ಹುಳುಕಿರಲಿಲ್ಲ. ಒಳಗೆ ಬಂದು ಕೂತಮೇಲೆ ಒಂದೇ ಒಂದು ಮಾತು ಕೇಳಿದರು.

"ಆ ಹುಡುಗಿಗೆ ಏನಂತ ಹೇಳ್ಲಿ?"

ಪ್ರಿನ್ಸಿಪಾಲರು ಸಭೆ ಮುಗಿಯಿತು ಅಂದರು.

ಮಧ್ಯಾಹ್ನ ನಾನು ನಡಾವಳಿ ಬರೆಯಲು ಕೂತೆ. ಮೊದಲು ಹಾಜರಿದ್ದವರ ಹೆಸರು, ಆಮೇಲೆ ಮತಗಳ ಸಂಖ್ಯೆ. 'ನಿರ್ಣಯದ ವೇಳೆ ಹಾಜರಿದ್ದವರು' ಎಂದು ಬರೆದು, ನಾಲ್ಕು ಎಂಬ ಅಂಕಿ ಹಾಕುವಾಗ ಲೇಖನಿ ನಿಂತಿತು. ಮಂಡಳಿಯ ನಿಯಮದ ಪುಸ್ತಕ ತೆಗೆದು ನೋಡಿದೆ. ಪಠ್ಯದ ಬದಲಾವಣೆಯ ನಿರ್ಣಯಕ್ಕೆ ಆರು ಮಂದಿ ಕೂತಿರಲೇಬೇಕು. ಒಬ್ಬರೇ ಹೊರಗೆ ಹೋಗುವ ರೂಢಿಗಾಗಿ, ಯಾರ ವಿಷಯಕ್ಕೆ ಕತ್ತರಿಯೋ ಅವರನ್ನು ಹೊರಗಿದ್ದರೂ ಒಳಗಿದ್ದಂತೆ ಲೆಕ್ಕ ಹಿಡಿಯಬಹುದೆಂದು ಹಿಂದೊಮ್ಮೆ ತೀರ್ಮಾನಿಸಿದ್ದೆವು. ಸಾಹೇಬರು ಆ ಲೆಕ್ಕದಲ್ಲಿ ಬಂದರು. ಮಾಸ್ತರರು ಬರಲಿಲ್ಲ. ಅವರ ವಿಷಯಕ್ಕೆ ಕತ್ತರಿ ಇರಲಿಲ್ಲವಲ್ಲ. ಅಲ್ಲಿಗೆ ಐದೇ ಮಂದಿ, ನಿರ್ಣಯ ಬಿದ್ದುಹೋಯಿತು. ಅಧ್ಯಕ್ಷತೆ ವಹಿಸಿದ್ದ ಶಿವಯೋಗೆಪ್ಪನವರು ಗಣಿತದ ಪ್ರಾಧ್ಯಾಪಕರು. ಆರರಲ್ಲಿ ಒಂದು ಕಳೆದರೆ ಐದು ಎಂಬುದು ಅವರಿಗೂ ಹೊಳೆದಿರಲಿಲ್ಲ. ಹೊಸದಾಗಿ ಸಭೆ ಕರೆಯಬೇಕೆಂದರೆ ಮೂರು ದಿನ ಮುಂಚೆ ನೋಟಿಸು ಕೊಡಬೇಕು. ಉಳಿದದ್ದು ಎರಡೇ ದಿನ.

ನನ್ನ ಸಿಟ್ಟು ನೆತ್ತಿಗೇರಿತು. ಇದೆಂಥ ಮರ್ಯಾದೆ! ಒಬ್ಬರ ಸಂಗಡ ನೀರು ಕುಡಿಯಲು ಹೋಗಿ ತಮ್ಮ ಜನ್ಮದ ಆಸೆಯನ್ನು ತಾವೇ ಮುಳುಗಿಸಿದರಲ್ಲ! ಹೊಸ ಹಾಳೆ ತೆಗೆದುಕೊಂಡು ಇನ್ನೊಂದು ನಡಾವಳಿ ಬರೆದೆ. ಅದರಲ್ಲಿ ಮಾಸ್ತರರು ಕೋಣೆ ಬಿಟ್ಟು ಕದಲಿರಲೇ ಇಲ್ಲ. ಯಾರು ಕೇಳುತ್ತಾರೆ? ಎರಡೂ ಹಾಳೆಗಳನ್ನು ಜೇಬಿಗೆ ತುರುಕಿ ಸೈಕಲ್ ಹತ್ತಿದೆ.

ಮಾಸ್ತರರು ಮನೆಯ ಕಟ್ಟೆಯ ಮೇಲೆ ಕೂತು ಸಾಮಾನ್ಯ ಕನ್ನಡದ ಪೇಪರು ತಿದ್ದುತ್ತಿದ್ದರು. ಅವರ ಹೆಂಡತಿ ರುದ್ರವ್ವನವರು ನನಗೆ ಮಜ್ಜಿಗೆ ತಂದಿಟ್ಟರು. ನಾನು ಮುಟ್ಟಲಿಲ್ಲ.

"ಮಾಸ್ತರ್ರ, ನಿಮಗ ಹೊರಗ ಹೋಗ್ರಿ ಅಂತ ಯಾರ ಅಂದಿದ್ರು?" ಎಂದು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಎರಡನೆಯ ಹಾಳೆ ಮುಂದಿಟ್ಟೆ. "ಇದಕ್ಕ ಸಹಿ ಮಾಡ್ರಿ. ನಾಳೆ ಟಪಾಲಿಗೆ ಹಾಕ್ತೀನಿ."

ಅವರು ಹಾಳೆಯನ್ನು ಓದಿ, ಒಂದು ಕಡೆ ತಪ್ಪಿದ್ದ ದೀರ್ಘವನ್ನು ಅಭ್ಯಾಸಬಲದಿಂದ ತಿದ್ದಿ, ಮಡಚಿ ನನಗೇ ಕೊಟ್ಟರು.

"ತಮ್ಮಾ, ಆ ನಿಯಮದ ಪುಸ್ತಕ ಬರದವ್ರು ಯಾರು?"

ಕಾಲೇಜು ತೆರೆದಾಗ ಅದನ್ನು ಬರೆದವರು ಅವರೇ.

"ಆರು ಮಂದಿ ಕುಂತಿದ್ವಿ. ನನಗ ಎಣಸಾಕ ಬರ್ತೈತಿ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಸಿಟ್ಟು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

"ಬ್ಯಾಡಂದ್ರ ಬ್ಯಾಡ ಅಂತ ಸಭಾದಾಗ ಹೇಳಬೇಕಾಗಿತ್ತು. ಹಿಂಗ ಕಳ್ಳದಾರಿ ಯಾಕ?"

"ಹೇಳಿದ್ರ ಸಾಹೇಬ್ರು ಒಪ್ಪತಿದ್ರೇನೋ? ನಿಮ್ಮ ಉಪಕಾರ ನನಗ ಬ್ಯಾಡ್ರಿ ಅಂತ ಅಲ್ಲೇ ಎದ್ದು ನಿಂತು ಪರ್ಶಿಯನ್ ಬಿಟ್ಟೇನಿ ಅಂತ ಬರದ ಕೊಡತಿದ್ರು. ಅವ್ರ ಸ್ವಭಾವ ನಿನಗ ಗೊತ್ತಿಲ್ಲ. ಈಗಾದ್ರ ಯಾರೂ ಯಾರಿಗೂ ಏನೂ ಕೊಟ್ಟಂಗಾಗಲಿಲ್ಲ. ಮುದುಕಂದೊಂದು ತಪ್ಪು, ಅಷ್ಟ."

"ಮತ್ತ ನಿಮ್ಮ ಆಶಾ?"

ಅವರು ಪೇಪರಿನ ಕಟ್ಟನ್ನು ಪಕ್ಕಕ್ಕೆ ಸರಿಸಿಟ್ಟರು.

"ಆಶಾ ಇರಲಿಲ್ಲ ಅಂತ ಹ್ಯಾಂಗ ಹೇಳ್ಲಿ. ಹರವಿ ಹತ್ರ ನಿಂತಾಗ ಒಮ್ಮಿ ಅನಸ್ತು, ಇನ್ನೂ ಕೈ ಎತ್ತಿರಾಕಿಲ್ಲ, ಒಳಗ ಹೋಗಿ ಕುಂತ ಬಿಡಲೇನು ಅಂತ. ಕಾಲೂ ಎದ್ದಿತ್ತು. ಅಷ್ಟರಾಗ ಸಾಹೇಬ್ರು ನೀರ ಕೇಳಿದ್ರು. ನೀರ ಹಾಕ್ಕೋಂತ ನಿಂತೆ." ನಕ್ಕರು, ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. "ನನಗ ಅದು ಒಂದ ವರ್ಷದ ಮಾತು. ಆ ಹುಡುಗಿಗಿ ಹಂಗಲ್ಲ. ಖರೇ ಇದ್ದದ್ದ ಬರಿ. ಸಾಹೇಬ್ರಿಗೆ ಮಾತ್ರ ಈ ಮಾತು ಹೇಳಬ್ಯಾಡ. ಮಜ್ಜಗಿ ಕುಡಿ."

ಕುಡಿದೆ. ಅವರೆದುರು ಅಳಬಾರದು ಎಂದು ಬೇಗ ಎದ್ದೆ, ಬೀದಿಯ ತಿರುವಿನಲ್ಲಿ ಸೈಕಲ್ ನಿಲ್ಲಿಸಿಕೊಂಡು ಅತ್ತೆ. ನನ್ನ ಕೈ ಅಷ್ಟು ಬೇಗ ಎದ್ದದ್ದಕ್ಕೆ ನಾಚಿಕೆಯಾಗಿತ್ತು.

ಮೊದಲನೆಯ ನಡಾವಳಿಯೇ ಕಡತಕ್ಕೆ ಸೇರಿತು. ಶಿವಯೋಗೆಪ್ಪನವರು ಅದನ್ನು ಓದಿ ಹಣೆ ಚಚ್ಚಿಕೊಂಡರು. ವಿದ್ಯಾಪೀಠಕ್ಕೆ ಏನೂ ಹೋಗಲಿಲ್ಲ, ಪರ್ಶಿಯನ್ ಇನ್ನೊಂದು ವರ್ಷ ಉಳಿಯಿತು. ಮಾಸ್ತರರ ಅತಿ ಮರ್ಯಾದೆಯ ಬಗ್ಗೆ ಕಾಲೇಜಿನಲ್ಲಿ ಒಂದು ವಾರ ನಗೆಚಾಟಿಕೆ ನಡೆಯಿತು. ಅವರೂ ಎಲ್ಲರ ಜೊತೆ ನಕ್ಕರು. ನಾನು ಹಲ್ಲು ಕಚ್ಚಿಕೊಂಡಿದ್ದೆ.

ಜೂನಿನಲ್ಲಿ ಕಾಲೇಜು ತೆರೆಯಿತು. ವೇಳಾಪಟ್ಟಿಯಲ್ಲಿ ಮಾಸ್ತರರಿಗೆ ದಿನಾ ಮೂರನೆಯ ತಾಸು ಖಾಲಿ. ಆ ತಾಸಿನಲ್ಲಿ ಅವರು ಮೂಲೆಯ ಸಣ್ಣ ಕೋಣೆಯಲ್ಲಿ ಒಬ್ಬರೇ ಕೂತು ಓದುವುದನ್ನು ನೋಡಿದ್ದೆ. ಎರಡನೆಯ ವಾರ ಒಂದು ದಿನ, ಹೋಗಿ ಎದುರಿಗೆ ಕೂತುಬಿಡಬೇಕು, ಕಲಿಸಿರಿ ಅನ್ನಬೇಕು ಎಂದು ನಿಶ್ಚಯ ಮಾಡಿಕೊಂಡು ಹೊರಟೆ. ವರಾಂಡದಲ್ಲಿ ನನ್ನ ಮುಂದೆಯೇ ಅಬ್ದುಲಸಮದ ಸಾಹೇಬರು ಹೋಗುತ್ತಿದ್ದರು. ಹಿಂದೆ ಕಾಶೀಬಾಯಿ. ಇಬ್ಬರ ಕೈಯಲ್ಲೂ ಹೊಸ ನೋಟುಬುಕ್ಕು.

"ಎಲ್ಲಿಗ್ರಿ ಸಾಹೇಬ್ರ?"

ಅವರು ಹುಡುಗಿಯನ್ನು ಮುಂದೆ ಕಳಿಸಿ, ದನಿ ತಗ್ಗಿಸಿದರು. "ಪ್ರಲ್ಹಾದರಾಯ್ರ, ಎಣಸಾಕ ನನಗೂ ಬರ್ತದ. ಅವತ್ತ ರಾತ್ರಿನ ಗೊತ್ತಾತು. ನನ್ನ ಸಲುವಾಗಿ ಆಗಿದ್ರ ಒಲ್ಲೆ ಅಂತಿದ್ದೆ. ಹುಡುಗಿ ಸಲುವಾಗಿ ಸುಮ್ಮನಾದೆ. ಗುರುಗಳಿಗೆ ಹೇಳಬ್ಯಾಡ್ರಿ."

ಇಬ್ಬರು ಮುದುಕರ ನಡುವೆ ಸಿಕ್ಕು ನನಗೆ ನಗು ಬಂತು, ಕಣ್ಣೂ ತುಂಬಿ ಬಂತು.

ಕೋಣೆಯ ಬಾಗಿಲಲ್ಲಿ ನಮ್ಮ ಮೂವರನ್ನು ನೋಡಿ ಮಾಸ್ತರರು ಎದ್ದು ನಿಂತರು. "ಬರ್ರಿ ಸಾಹೇಬ್ರ. ಏನ್ ಕೆಲಸ ಇತ್ತು?"

"ಆನರ್ಸ್ ಕನ್ನಡ ಇಲ್ಲೇ ಅಲ್ಲೇನ್ರಿ?"

"ಯಾವ ಆನರ್ಸ್ ರಿ? ಮಂಜೂರಿನ ಇಲ್ಲ ಅದಕ್ಕ. ಪದವಿ ಸಿಗೂದಿಲ್ಲ."

"ಪದವಿ ಅದ್ರಿ ನನ್ನ ಹತ್ರ," ಅಂದರು ಸಾಹೇಬರು. "ಇದೇ ಊರಾಗ ಹುಟ್ಟಿ, ಇದೇ ಮಾತು ಆಡ್ಕೋಂತ ಐವತ್ತು ವರ್ಷ ಕಳದೆ. ಉರ್ದು ಸಾಲ್ಯಾಗ ಕಲತಾವ. ಕನ್ನಡದ ಒಂದು ಹಳೆ ಪದ್ಯ ಓದಾಕ ಬರೂದಿಲ್ಲ. ಕಲಸ್ರಿ."

ಅವರು ಮೊದಲ ಬೆಂಚಿನಲ್ಲಿ ಕೂತರು. ಕಾಶೀಬಾಯಿ ಅವರ ಹಿಂದೆ, ನಾನು ಅವಳ ಹಿಂದೆ. ಮಾಸ್ತರರು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಕಡೆ ತಿರುಗಿದರು. ಬಹಳ ಹೊತ್ತು ತಿರುಗಿಯೇ ನಿಂತರು. ಹಲಗೆಯ ಮೇಲೆ ಒಂದು ಅಕ್ಷರವೂ ಮೂಡಲಿಲ್ಲ, ಅವರ ಭುಜ ಮಾತ್ರ ಅಲುಗುತ್ತಿತ್ತು. ಸಾಹೇಬರು ತಲೆ ತಗ್ಗಿಸಿ ನೋಟುಬುಕ್ಕಿನ ಮೇಲೆ ತಮ್ಮ ಹೆಸರನ್ನು ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆಯತೊಡಗಿದರು.

ಕೊನೆಗೆ ಮಾಸ್ತರರು ಉತ್ತರೀಯದಿಂದ ಮುಖ ಒರೆಸಿಕೊಂಡು ನಮ್ಮ ಕಡೆ ತಿರುಗಿದರು. ನಾನು ಹೈಸ್ಕೂಲಿನಲ್ಲಿ ಕೇಳಿದ ಆ ಹಳೆಯ ಗಟ್ಟಿ ದನಿ ಬಂತು.

"ಪ್ರಲ್ಹಾದ, ಬಾಗಲಾ ಮುಂದ ಮಾಡು. ಹೊರಗಿನ ಗದ್ಲ ಬ್ಯಾಡ. ಪಾಠ ಶುರು ಮಾಡೂನು."