ಏನೂ ಇಲ್ಲದ ಫೋಟೊ

ಕಿರಿಬಾಸ್ ದ್ವೀಪಗಳಲ್ಲಿ ನೆಂಟರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ತಬೇರಾ ಹೊಸ ಸೈಕಲ್ಲಿನ ಫೋಟೊ ಫೇಸ್‌ಬುಕ್ಕಿಗೆ ಹಾಕಿದ್ದೇ ತಡ, ಸೈಕಲ್ಲು ಭಾವನ ಪಾಲಾಯಿತು. ಹೊಲಿಗೆ ಮಷೀನನ್ನೂ ನಾದಿನಿ ಹಾಗೆಯೇ ಹೊತ್ತೊಯ್ದಳು.

"ಹಾಕೋ ಮುಂಚೆ ಸ್ವಲ್ಪ ಯೋಚ್ನೆ ಮಾಡೇ ಮಾರಾಯ್ತಿ! ಯಾರೂ ಕೇಳೋಕಾಗ್ದೇ ಇರೋದನ್ನ ಹಾಕು," ಎಂದು ಗೆಳತಿ ಬೈದಳು.

ತಬೇರಾ ವಾರವಿಡೀ ಯೋಚಿಸಿದಳು. ಪಾತ್ರೆ, ಚಾಪೆಗಳನ್ನೆಲ್ಲ ಸರಿಸಿ, ಬರೀ ಕಿಟಕಿ ಮತ್ತು ಅದರಾಚೆಯ ಸಮುದ್ರದ ಫೋಟೊ ಹಾಕಿ, ಈ ಸಲ ಗೆದ್ದೆ ಅಂದುಕೊಂಡಳು.

ಕೂಡಲೇ ಹೊರದ್ವೀಪದ ಚಿಕ್ಕಮ್ಮ ಎಲ್ಲರಿಗೂ ಕಾಣುವಂತೆ ಫೋಟೊದ ಕೆಳಗೇ ಬರೆದಳು: "ಎಷ್ಟ್ ಚೆನ್ನಾಗಿ ಗಾಳಿ ಬರೋ ಕೋಣೆ ಕಣೇ! ನಮಗೆ ಕೊಡು. ಸೋಮವಾರದ ಹಡಗಿಗೆ ಒಂಬತ್ತು ಜನ ಬರ್ತೀವಿ."

ನೂರಾರು ನೆಂಟರು ಅವಳ ಉತ್ತರಕ್ಕೇ ಕಾದಿದ್ದರು. ತಬೇರಾ ಹಲ್ಲುಕಚ್ಚಿ "ಬನ್ನಿ ಚಿಕ್ಕಮ್ಮ" ಎಂದು ಟೈಪ್ ಮಾಡಿದಳು.

ಅವಳ ಮನೆಗಿದ್ದದ್ದು ಅದೊಂದೇ ಕೋಣೆ.