ಬರುವ ಶುಕ್ರವಾರ ತೀರಿಕೊಂಡ ಅಮೃತವ್ವ

೧.

ಈ ಕಥೆಯನ್ನು ಹೇಗೆ ಶುರು ಮಾಡಬೇಕೆಂದು ಎಂಟು ದಿನದಿಂದ ಒದ್ದಾಡುತ್ತಿದ್ದೇನೆ. ಹಾರರ್ ಕಥೆಯಾದರೆ ಮೊದಲ ಸಾಲಿನಲ್ಲಿ ಬಾಗಿಲು ಕಿರ್ರೆನ್ನಬೇಕು. ಅಮೃತವ್ವನ ಮನೆಯ ಬಾಗಿಲು ಕಿರ್ರೆನ್ನುವುದಿಲ್ಲ. ಅದು ತಗಡಿನದು, ಎಳೆದರೆ ನೆಲಕ್ಕೆ ಉಜ್ಜಿ ಎಂಥ ಸಪ್ಪಳ ಮಾಡುತ್ತದೆಂದರೆ ಪಕ್ಕದ ಮನೆ ಖಾತುನಬಿಯ ಕೋಳಿಗಳು ಓಣಿಯ ತುದಿಗೆ ಓಡುತ್ತವೆ. ಹೀಗೆ ಶುರು ಮಾಡಿದರೆ ನೀವು ನಗುತ್ತೀರಿ. ಒಮ್ಮೆ ನಕ್ಕುಬಿಟ್ಟರೆ ಮುಂದಿನದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

‘ನೈಜ ಘಟನೆ ಆಧಾರಿತ’ ಎಂದು ಶುರು ಮಾಡಬಹುದಿತ್ತು. ಆದರೆ ಆ ಮೂರು ಪದದ ಮೇಲೆಯೇ ಮುನ್ನೂರು ಪುಟ ಬರೆದು ಡಾಕ್ಟರೇಟ್ ಗಿಟ್ಟಿಸಿಕೊಂಡವನು ನಾನು. ಆ ಸಾಲು ಸುಳ್ಳೆಂದು ಪ್ರೇಕ್ಷಕನಿಗೆ ಗೊತ್ತು, ಗೊತ್ತಿದ್ದೂ ಹೆದರಲು ಒಪ್ಪುತ್ತಾನೆ, ಅದೊಂದು ಕರಾರು ಎಂದು ಸಾಧಿಸಿದ್ದೆ. ನನ್ನ ಹೆಸರು ಸಂಜೀವ. ಗದಗಿನ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವ ಅತಿಥಿ ಉಪನ್ಯಾಸಕ. ಹತ್ತು ವರ್ಷದಿಂದ ಅತಿಥಿ. (ಇಷ್ಟು ದಿನ ಕುಂತ ಅತಿಥಿಯನ್ನು ಮನೆಯಲ್ಲಾದರೆ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ.)

೨.

ಮುಂಡರಗಿಯ ಗವಿಸಿದ್ದೇಶ ನನ್ನ ಹಳೆಯ ವಿದ್ಯಾರ್ಥಿ. ಊರಿನ ಮುಚ್ಚಿದ ಹತ್ತಿ ಗಿರಣಿಯೊಂದರಲ್ಲಿ ಇಪ್ಪತ್ತು ದಿನ ಶೂಟಿಂಗ್ ಮಾಡಿ ಒಂದು ದೆವ್ವದ ಸಿನಿಮಾ ಮುಗಿಸಿಕೊಂಡು ಬಂದಿದ್ದ. ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ಈ ಕಥೆಯೂ ಪ್ರಚಾರವಾಗಿಬಿಡುತ್ತದೆ, ಸಾಕಾಗಿದೆ ನನಗೆ.

ಪ್ರಚಾರಕ್ಕೆ ಏನಾದರೂ ಐಡಿಯಾ ಕೊಡ್ರಿ ಸರ್ ಎಂದ. ಕೇಳಿದ್ದೇ ತಡ, ನಾನು ಪಾಠ ಶುರು ಮಾಡಿದೆ. ಹಾರರ್ ಸಿನಿಮಾ ಥೇಟರಿನ ಒಳಗೆ ಮಾರಾಟವಾಗುವುದಿಲ್ಲ, ಹೊರಗೆ ಆಗುತ್ತದೆ. ಹಿಂದೆ ಥೇಟರಿನ ಮುಂದೆ ಆಂಬುಲೆನ್ಸ್ ನಿಲ್ಲಿಸುತ್ತಿದ್ದರು, ಒಬ್ಬನೇ ಕುಳಿತು ನೋಡಿದವನಿಗೆ ಬಹುಮಾನ ಎನ್ನುತ್ತಿದ್ದರು. ಪ್ರೇಕ್ಷಕ ಟಿಕೆಟ್ ತೆಗೆಯುವ ಮೊದಲೇ ಅರ್ಧ ಹೆದರಿರಬೇಕು. ಭಯವೆಂದರೆ ಸುರಕ್ಷಿತ ದೂರದಲ್ಲಿ ಕುಳಿತು ನೋಡುವ ಅಪಾಯ. ಅವನು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಹತ್ತು ವರ್ಷದಲ್ಲಿ ನನ್ನ ಪಾಠವನ್ನು ಬರೆದುಕೊಂಡ ಮೊದಲ ಪ್ರಾಣಿ ಅವನು. ನಾನು ಉಬ್ಬಿಹೋದೆ.

ಉಬ್ಬಿದವನ ಬಾಯಿಂದ ಬಂದದ್ದೇ ಫ್ಲೆಕ್ಸಿನ ಐಡಿಯಾ.

ನಮ್ಮ ಕಡೆ ಯಾರಾದರೂ ಸತ್ತರೆ ಬೆಳಗಾಗುವಷ್ಟರಲ್ಲಿ ಬಸ್ ನಿಲ್ದಾಣದ ಹತ್ತಿರ ಫ್ಲೆಕ್ಸ್ ಏಳುತ್ತದೆ: ‘ಭಾವಪೂರ್ಣ ಶ್ರದ್ಧಾಂಜಲಿ’, ಆಳೆತ್ತರದ ಮುಖ, ಕೆಳಗೆ ಜನನ, ಮರಣ. ಅಂಥದ್ದನ್ನೇ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಹಾಕೋಣ ಎಂದೆ. ಸಿನಿಮಾದ ಹೆಸರು ಬೇಡ. ಒಬ್ಬ ಹೆಣ್ಣುಮಗಳ ಮುಖ. ಮರಣದ ದಿನಾಂಕ ಮಾತ್ರ ಬರುವ ಶುಕ್ರವಾರದ್ದು, ಅಂದರೆ ಸಿನಿಮಾ ಬಿಡುಗಡೆಯಾಗುವ ದಿನ. ಓದಿದವನು ತಾರೀಖು ನೋಡಿ ಬೆಚ್ಚಬೇಕು, ಇನ್ನೂ ಎರಡು ದಿನ ಬದುಕಿರುವವಳಿಗೆ ಶ್ರದ್ಧಾಂಜಲಿಯೇ ಎಂದು ಫೋಟೊ ತೆಗೆದು ಹತ್ತು ಮಂದಿಗೆ ಕಳಿಸಬೇಕು.

ಒಂದು ಮಾತು ನನಗೆ ಹೊಳೆಯಲಿಲ್ಲ. ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ನಾವು ಮುಖ ನೋಡುತ್ತೇವೆ, ಕೆಳಗೆ ದುಃಖತಪ್ತರ ಹೆಸರು ನೋಡುತ್ತೇವೆ. ತಾರೀಖನ್ನು ಯಾರೂ ಓದುವುದಿಲ್ಲ. ಸತ್ತದ್ದು ನಿನ್ನೆಯೇ ಎಂಬುದು ಎಲ್ಲರಿಗೂ ಗೊತ್ತೇ ಇರುತ್ತದೆ.

೨. (ಮತ್ತೆ ಎರಡೇ. ಅಮೃತವ್ವನನ್ನು ಪರಿಚಯ ಮಾಡಿಸದೆ ಮೂರಕ್ಕೆ ಹೋಗುವ ಹಾಗಿಲ್ಲ.)

ಅಮೃತವ್ವನಿಗೆ ನಲವತ್ತೆರಡು ವರ್ಷ. ಗದಗಿನ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ. ಹದಿನಾರು ಪುಟಕ್ಕೊಂದು ಫಾರ್ಮು. ಅದನ್ನು ಮಡಚುವುದು, ಜೋಡಿಸುವುದು, ದಾರ ಹಾಕಿ ಹೊಲಿಯುವುದು. ನನ್ನ ಎರಡು ಪುಸ್ತಕಗಳನ್ನು ಮಡಚಿದವಳು ಅವಳೇ. (ಎರಡನ್ನೂ ಪೂರ್ತಿ ಓದಿದ ಏಕೈಕ ವ್ಯಕ್ತಿಯೂ ಬಹುಶಃ ಅವಳೇ.) ಹುಟ್ಟಿದ್ದು ಲಕ್ಷ್ಮೇಶ್ವರ, ಕೊಟ್ಟದ್ದು ಶಿರಹಟ್ಟಿಗೆ. ಹದಿನಾಲ್ಕು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ತವರಿಗೆ ಬಂದಳು. ಅಣ್ಣ ಹುಚ್ಚೀರಪ್ಪ ತಿರುಗಿ ಹೋಗು ಎಂದ. ಹೋಗಲಿಲ್ಲ, ಬೆಟಗೇರಿಗೆ ಬಂದು ಒಂದು ಖೋಲಿ ಹಿಡಿದಳು. ಅಣ್ಣ ಹಿರಿಯರ ಮುಂದೆ, ನಮ್ಮ ಮನೆಯ ಮಗಳು ಸತ್ತಳು ಎಂದು ಹೇಳಿದ. ಅಲ್ಲಿಂದ ಒಂದು ಪಂಚಮಿಗೂ ಅವಳನ್ನು ತವರಿಗೆ ಕರೆಯಲು ಬರಲಿಲ್ಲ. ನಾಗರಪಂಚಮಿಗೆ ಅಣ್ಣ ಬಂದು ಕರೆಯದ ಹೆಣ್ಣುಮಗಳ ಪಾಡನ್ನು ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಗವಿಸಿದ್ದೇಶನ ಸಿನಿಮಾದಲ್ಲಿ ಅವಳು ಎರಡು ದಿನ ದೆವ್ವವಾಗಿದ್ದಳು. ಕೂದಲು ಬಿಟ್ಟು ಗಿರಣಿಯ ಮೆಟ್ಟಿಲ ಮೇಲೆ ನಿಲ್ಲುವುದಷ್ಟೇ. ಫ್ಲೆಕ್ಸಿಗೂ ಅವಳ ಮುಖವೇ ಇರಲಿ ಎಂದವನು ನಾನು. ಕೇಳಲು ಹೋದವನೂ ನಾನೇ. ನಿಮ್ಮ ಫೋಟೊ ನಾಲ್ಕೂ ಊರಲ್ಲಿ ದೊಡ್ಡದಾಗಿ ಹಾಕುತ್ತೇವೆ ಎಂದೆ. ಅವಳು ಕೇಳಿದ್ದು ಒಂದೇ ಮಾತು:

“ಲಕ್ಷ್ಮೇಶ್ವರದಾಗೂ ಹಾಕ್ತೀರೇನ್ರಿ?”

ಹೌದು, ಬಸ್ ನಿಲ್ದಾಣದ ಎದುರಿಗೇ ಎಂದೆ. ಮರುದಿನ ಸ್ಟುಡಿಯೊಕ್ಕೆ ಹೋಗಿ ಹೊಸ ಫೋಟೊ ತೆಗೆಸಿಕೊಂಡು ಬಂದಳು. ಹಣೆಯ ತುಂಬ ಕುಂಕುಮ, ಕಿವಿಯಲ್ಲಿ ಖಾತುನಬಿಯಿಂದ ಕಡ ತಂದ ಝುಮಕಿ. ಫೋಟೊದ ಮೇಲೆ ಏನು ಅಚ್ಚಾಗಲಿದೆ ಎಂದು ನಾನು ಹೇಳಲಿಲ್ಲ. ಹೇಳಿದರೆ ಒಪ್ಪುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಮರೆತೆ ಎಂದು ಬರೆದಿದ್ದೆ ಮೊದಲ ಡ್ರಾಫ್ಟಿನಲ್ಲಿ. ಹೊಡೆದುಹಾಕಿದ್ದೇನೆ.

೪. (ಮೂರು ಇದ್ದದ್ದು ತಮಾಷೆಯ ಡ್ರಾಫ್ಟು. ಸತ್ತವಳು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಾಳೆ, ಜನ ಓಡುತ್ತಾರೆ ಇತ್ಯಾದಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹರಿದುಹಾಕಿದೆ.)

ಬುಧವಾರ ಬೆಳಿಗ್ಗೆ ಫ್ಲೆಕ್ಸ್ ಎದ್ದವು. ಗದಗಿನದ್ದು ರೈಲ್ವೆ ಸ್ಟೇಶನ್ ರಸ್ತೆಯಲ್ಲಿತ್ತು, ಅಮೃತವ್ವ ಆ ದಾರಿ ಹಾಯುವವಳಲ್ಲ. ಅಂದು ಕರೆಂಟಿಲ್ಲದೆ ಪ್ರೆಸ್ಸಿಗೆ ಸೂಟಿ. ಮಧ್ಯಾಹ್ನ ಮನೆಯಲ್ಲಿ ಕಡಲೆ ಹುರಿಯುತ್ತಿದ್ದಳು. ಓಣಿಯ ತುದಿಯಿಂದ ಹೆಣ್ಣುಮಗಳೊಬ್ಬಳು ಹಾಡಿಕೊಂಡು ಅಳುವ ದನಿ ಕೇಳಿತು. ಸತ್ತವರ ಮನೆಗೆ ಬರುವ ಹೆಂಗಸರು ಓಣಿ ಹೊಕ್ಕ ಕೂಡಲೇ ಹಾಗೆ ದನಿ ತೆಗೆಯುತ್ತಾರೆ. ಯಾರ ಮನೆಯಲ್ಲಿ ಏನಾಯಿತು ಎಂದು ಅಮೃತವ್ವ ತಗಡಿನ ಬಾಗಿಲು ಎಳೆದು ಹೊರಗೆ ಬಂದಳು.

ಬರುತ್ತಿದ್ದವರು ಹುಚ್ಚೀರಪ್ಪ ಮತ್ತು ಅವನ ಹೆಂಡತಿ ಸುನಿತಾ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಬಾರದವನಿಗೆ ಮನೆ ಮಾತ್ರ ಸರಿಯಾಗಿ ಗೊತ್ತಿತ್ತು. ಯಾರನ್ನೂ ಕೇಳದೆ ನೇರ ಬಂದ ಎಂದು ಖಾತುನಬಿ ಹೇಳುತ್ತಾಳೆ. ಅವನ ಎರಡೂ ಕೈಯಲ್ಲಿ ಒಂದು ಹಸಿರು ಸೀರೆ, ಅದರ ಮೇಲೆ ಹಸಿರು ಬಳೆ, ಕುಂಕುಮದ ಪೊಟ್ಟಣ. ಮದುವೆಯಾದ ಮಗಳು ಸತ್ತರೆ ಹೆಣದ ಮೇಲೆ ಕೊನೆಯದಾಗಿ ಹೊದಿಸುವ ಸೀರೆ ತವರಿನಿಂದಲೇ ಬರಬೇಕು. ಏನೇ ಜಗಳವಿದ್ದರೂ ಆ ಸೀರೆಯನ್ನು ತಪ್ಪಿಸುವವರಿಲ್ಲ.

ಸುನಿತಾಳ ಅಳು ನಿಂತಿತು. ಅಣ್ಣ ತಂಗಿ ಎದುರುಬದುರು ನಿಂತರು.

“ನೀ ಅದೀ?” ಎಂದನಂತೆ ಹುಚ್ಚೀರಪ್ಪ.

“ಅದೀನಿ ಅಣ್ಣಾ.”

ಖಾತುನಬಿ ತಂಬಿಗೆಯಲ್ಲಿ ನೀರು ತಂದಳು. ಅವನು ಮುಟ್ಟಲಿಲ್ಲ. ಕೈಯಲ್ಲಿದ್ದ ಸೀರೆಯನ್ನು ನೋಡುತ್ತಾ ನಿಂತ. ಸತ್ತವರಿಗೆ ತಂದದ್ದನ್ನು ಮನೆಗೆ ತಿರುಗಿ ಒಯ್ಯುವ ಹಾಗಿಲ್ಲ, ಬದುಕಿದ್ದವರ ಉಡಿಗೆ ಹಾಕುವ ಹಾಗೂ ಇಲ್ಲ. ಕೊನೆಗೆ ಬಾಗಿಲ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು ಹೊರಟುಹೋದ. ಓಣಿಯ ತುದಿಯಲ್ಲಿ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಅತ್ತನಂತೆ. ಅದೊಂದನ್ನೇ ಅಮೃತವ್ವ ಹಿಡಿದುಕೊಂಡಳು. ಅಣ್ಣ ಅತ್ತ.

ನನಗೆ ಅವಳು ಬೈಯಲಿಲ್ಲ. ಗುರುವಾರ ಪ್ರೆಸ್ಸಿಗೆ ಹೋದಾಗ ತಲೆ ಎತ್ತದೆ ಇಷ್ಟೇ ಅಂದಳು: “ಅರ್ಧಾ ಹೇಳಿದ್ರಿ ಸರ್ ನೀವು.”

೫.

ಸಿನಿಮಾ ಶುಕ್ರವಾರ ಬಿಡುಗಡೆಯಾಯಿತು. ಮೊದಲ ಆಟಕ್ಕೆ ಹನ್ನೊಂದು ಜನ, ಅವರಲ್ಲಿ ಇಬ್ಬರು ಮಲಗಲು ಬಂದವರು. ಸೋಮವಾರ ಎತ್ತಿದರು. ಫ್ಲೆಕ್ಸ್ ಬಿಚ್ಚಲು ಗವಿಸಿದ್ದೇಶ ನಾಲ್ಕೂ ಊರು ತಿರುಗಿದ. ಲಕ್ಷ್ಮೇಶ್ವರದ್ದು ಮಾತ್ರ ಇರಲಿಲ್ಲ. ಯಾರೋ ಬಣವೆ ಮುಚ್ಚಲು ಒಯ್ದಿರಬೇಕು ಎಂದುಕೊಂಡೆವು.

೬. ಮುಕ್ತಾಯಗಳು

ಕಥೆ ಬರೆಯಲು ಕುಳಿತೆ. ಪಾಪ ಮಾಡಿದ ಮೇಷ್ಟ್ರುಗಳು ಮತ್ತೇನು ಮಾಡುತ್ತಾರೆ? ಮೊದಲ ಮುಕ್ತಾಯದಲ್ಲಿ ಪಂಚಮಿಯ ಮುನ್ನಾದಿನ ಹುಚ್ಚೀರಪ್ಪ ಬರುತ್ತಾನೆ, ತಂಗಿಯ ಮುಂದೆ ಒಂದು ಪುಟದಷ್ಟು ಮಾತಾಡುತ್ತಾನೆ, ಕ್ಷಮೆ ಕೇಳುತ್ತಾನೆ, ಅವಳು ಹಸಿರು ಸೀರೆ ಉಟ್ಟು ಜೋಕಾಲಿ ಆಡುತ್ತಾಳೆ. ಪ್ರೂಫ್ ಪ್ರೆಸ್ಸಿಗೆ ಹೋದಾಗ ಅಮೃತವ್ವ ಓದಿದಳು. ನನ್ನ ಅಣ್ಣ ಇಷ್ಟು ಮಾತಾಡುವ ಮನುಷ್ಯನಲ್ಲ ಎಂದಳು. ಬರಲಿ, ಆದರೆ ಸುಮ್ಮನೆ ಬರಲಿ, ಬಾಗಿಲಲ್ಲಿ ನಿಂತು ನಡಿ ಅಂದರೆ ಸಾಕು. ನಾನು ವಾದಿಸಿದೆ: ಓದುಗರಿಗೆ ಅಷ್ಟು ಸಾಲುವುದಿಲ್ಲ. ನನಗೆ ಸಾಲುತ್ತದೆ ಎಂದಳು.

ಎರಡನೆಯದರಲ್ಲಿ ಫ್ಲೆಕ್ಸಿನ ತಾರೀಖಿನಂದೇ ಅವಳು ನಿಜವಾಗಿ ಸಾಯುತ್ತಾಳೆ. ಗವಿಸಿದ್ದೇಶನಿಗೆ ಇದು ಬಹಳ ಹಿಡಿಸಿತು. ಪಾರ್ಟ್ ಟೂ ಮಾಡಬಹುದು ಎಂದ. ಅದನ್ನೂ ಅವಳೇ ಮಡಚಬೇಕಾಗಿತ್ತಲ್ಲ, ಓದಿದಳು.

“ಸಾಯಸ್ರಿ ಬೇಕಾದ್ರ. ಆದ್ರ ಅಣ್ಣ ಕರಕೊಂಡ ಹೋದ ಮ್ಯಾಲ ಸಾಯಸ್ರಿ.”

ಇಂಥ ಪಾತ್ರವನ್ನು ಇಟ್ಟುಕೊಂಡು ಯಾವ ಲೇಖಕ ಬಾಳುವೆ ಮಾಡಬೇಕು ಹೇಳಿ. ಆಮೇಲೆ ಅವಳೇ ಒಂದು ದಾರಿ ಹೇಳಿದಳು. ಮಂಗಳವಾರ ಪಂಚಮಿ. ನೀವು ಶನಿವಾರ ಲಕ್ಷ್ಮೇಶ್ವರಕ್ಕೆ ಹೋಗಿ ಅಣ್ಣನನ್ನು ಕಂಡು ಬನ್ನಿ, ಕರೆಯಲು ಬರುತ್ತಾನೋ ಇಲ್ಲವೋ ಕೇಳಿ, ಕೊನೆಯನ್ನು ಆಮೇಲೆ ಬರೆಯಿರಿ. ಹಸಿರು ಸೀರೆಗೆ ಹೊಂದುವ ಕುಬಸವನ್ನು ಹೊಲಿಯಲು ಹಾಕಿದ್ದೇನೆ ಎಂದಳು. ಸತ್ತವರ ಸೀರೆ ಉಡಬಾರದಲ್ಲ ಎಂದೆ. ಸತ್ತಿಲ್ಲವಲ್ಲ ಎಂದಳು.

೭.

ಬಸ್ಸು ಶಿರಹಟ್ಟಿಯಲ್ಲಿ ಹತ್ತು ನಿಮಿಷ ನಿಂತಿತು. ಇಳಿದು ವಾಪಸ್ ಹೋಗಿ, ಮನೆಗೆ ಬೀಗವಿತ್ತು ಎಂದು ಸುಳ್ಳು ಹೇಳಬಹುದಿತ್ತು. ಚಹಾ ಕುಡಿದು ಮತ್ತೆ ಹತ್ತಿದೆ. ಇದೊಂದನ್ನು ನನ್ನ ಲೆಕ್ಕಕ್ಕೆ ಹಾಕಿಕೊಳ್ಳಿ.

ಹುಚ್ಚೀರಪ್ಪನದು ಹಿಟ್ಟಿನ ಗಿರಣಿ, ಹಿಂದೆ ಮನೆ. ಪಡಸಾಲೆಗೆ ಕಾಲಿಟ್ಟವನು ಅಲ್ಲಿಯೇ ನಿಂತೆ. ಎದುರು ಗೋಡೆಯಲ್ಲಿ ಅಮೃತವ್ವ ಇದ್ದಳು. ಫ್ಲೆಕ್ಸಿನಿಂದ ಮುಖವನ್ನಷ್ಟೇ ಕತ್ತರಿಸಿ ಗಾಜು ಹಾಕಿಸಿದ್ದರು. ಅಪ್ಪ ಅವ್ವನ ಫೋಟೊಗಳಿಗಿಂತ ಮೂರು ಪಾಲು ದೊಡ್ಡದು. ಶ್ರದ್ಧಾಂಜಲಿ ಎಂಬ ಅಕ್ಷರವಿರಲಿಲ್ಲ, ತಾರೀಖಿರಲಿಲ್ಲ. ಗಾಜಿನ ಮೇಲೆ ಕುಂಕುಮ, ಸೇವಂತಿಗೆಯ ಹಾರ, ಕೆಳಗೆ ಊದಿನಕಡ್ಡಿ. ಹಾರ ಅಂದಿನದೇ, ಇನ್ನೂ ಬಾಡಿರಲಿಲ್ಲ. ಖಾತುನಬಿಯ ಝುಮಕಿ ಸ್ಪಷ್ಟವಾಗಿ ಕಾಣುತ್ತಿತ್ತು.

ಅವರು ಬದುಕಿದ್ದಾರೆ ಎಂದು ನಾನು ಶುರು ಮಾಡಿದೆ. ಫ್ಲೆಕ್ಸ್ ಮಾಡಿಸಿದವನು ನಾನೇ, ತಪ್ಪು ನನ್ನದು ಎಂದೆ. ಅವನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಹಗುರಾಗುತ್ತಿದ್ದೆ. ಹಿಟ್ಟಿನ ಕೈಯನ್ನು ಹೆಗಲ ಮೇಲಿನ ವಲ್ಲಿಗೆ ಒರೆಸಿಕೊಳ್ಳುತ್ತ ನಿಧಾನಕ್ಕೆ ಹೇಳಿದ.

“ಗೊತ್ತೈತ್ರಿ ಸರ್, ನಾನಽ ನೋಡಿ ಬಂದೀನಿ. ಹದಿನಾಲ್ಕ ವರ್ಷ ಆಕಿ ಹೆಸರ ತಗದ್ರ ಮಂದಿ ಉಗಳತಿದ್ರು. ಈಗ ಬಂದ ಕುಂತು ಅತ್ತು ಹೋಗ್ಯಾರ. ಚಲೋ ಹುಡುಗಿ ಇತ್ತು ಅಂತಾರ. ನಾ ಮಣ್ಣ ಮಾಡಿ ಬಂದೀನಿ ಅಂತ ಹೇಳೀನಿ.” ಗೋಡೆಯ ಕಡೆ ನೋಡಿದ. “ಹೆಂಗೋ ಮನಿಗೆ ಕರಕೊಂಡ ಬಂದೀನ್ರಿ ಆಕಿನ್ನ. ಮತ್ತ ಯಾಕ ಹೊರಗ ಹಾಕಸ್ತೀರಿ?”

ನನ್ನ ಪ್ರಬಂಧದ ಐದನೇ ಅಧ್ಯಾಯದಲ್ಲಿ, ಮನೆಯವರು ಹೂತುಹಾಕಿದ್ದು ಮನೆಗೆ ತಿರುಗಿ ಬರುವುದೇ ದೆವ್ವ ಎಂದು ಬರೆದಿದ್ದೇನೆ. ಮೂವತ್ತು ಅಡಿಟಿಪ್ಪಣಿಗಳಿವೆ. ಹೂತವರಿಗೆ ತಾವು ಹೂತವಳ ಮೇಲೆ ಇಷ್ಟು ಪ್ರೀತಿ ಇರಬಹುದು ಎಂದು ಎಲ್ಲಿಯೂ ಇಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು ನಮ್ಮ ಅವ್ವ ನಗುತ್ತ ಹೇಳುತ್ತಿದ್ದಳು. ಅವತ್ತು ಅದನ್ನು ನೆನೆಯುತ್ತ ಆ ಪಡಸಾಲೆಯಿಂದ ಹೊರಗೆ ಬಂದು ಚಪ್ಪಲಿ ಮೆಟ್ಟಿದೆ.

ಗಿರಣಿಯ ಬಾಗಿಲವರೆಗೆ ಸುನಿತಾ ಬಂದಳು. ಪಂಚಮಿಯ ದಿನ ಅಮೃತವ್ವನ ಪಾಲಿನ ಉಂಡಿಯನ್ನು ಫೋಟೊದ ಮುಂದೆ ಇಡಬೇಕೆಂದು ಗಂಡ ಹೇಳಿದ್ದಾನೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಈ ಮನೆಯಲ್ಲಿ ಅವಳಿಗೆ ಪಾಲು ತೆಗೆಯುತ್ತಿದ್ದೇವೆ ಎಂದಳು. ಇದನ್ನು ಅವಳಿಗೆ ಹೇಳಬೇಡಿ ಎಂದಳೋ, ಹೇಳಿ ಎಂದಳೋ, ಗಿರಣಿಯ ಸಪ್ಪಳದಲ್ಲಿ ನನಗೆ ಕೇಳಲಿಲ್ಲ. (ಸುಳ್ಳು. ಗಿರಣಿ ಬಂದ್ ಆಗಿತ್ತು. ಹೇಳಬೇಡಿ ಎಂದಳು.)

೮.

ಈಗ ನೀವು ಓದುತ್ತಿರುವುದು ಕೊನೆಯ ಫಾರ್ಮು. ಒಂದು ಸಂಗತಿಯನ್ನು ಗಮನಿಸಿ: ಈ ಪುಟ ನಿಮ್ಮ ಕೈಗೆ ಬಂದಿದ್ದರೆ ಅವಳ ಕೈ ದಾಟಿಯೇ ಬಂದಿದೆ. ಬೇರೆ ಪ್ರೆಸ್ಸಿಗೆ ಕೊಡಬಹುದಿತ್ತು. ಏಳನೇ ಭಾಗವನ್ನು ತೆಗೆದು, ಬೀಗ ಹಾಕಿದ ಮನೆಯೊಂದನ್ನು ಅಲ್ಲಿ ಇಡಬಹುದಿತ್ತು. ಹಾಗೆ ಮಾಡಿದ್ದರೆ ಮಂಗಳವಾರ ಅವಳು ಬಾಗಿಲು ತೆರೆದು ಸಂಜೆಯವರೆಗೂ ಕುಳಿತಿರುತ್ತಿದ್ದಳು, ಬರುವ ವರ್ಷವೂ ಕುಳಿತಿರುತ್ತಿದ್ದಳು. ಅದನ್ನು ಆಸೆ ಎನ್ನುತ್ತಾರೋ ಏನೋ. ಅವಳು ಏನು ಮಾಡಿದಳು ಎಂದು ಕೇಳಬೇಡಿ, ಬರೆಯುವುದಿಲ್ಲ. ನನ್ನ ಕೈಯಲ್ಲಿ ಇರುವುದು ಸೋಮವಾರದ ಮುಂಜಾನೆಯವರೆಗೆ ಮಾತ್ರ.

ಹತ್ತೂವರೆ. ಪ್ರೆಸ್ಸಿನಲ್ಲಿ ಅವಳು ಯಾರದೋ ಲಗ್ನಪತ್ರಿಕೆ ಮಡಚುತ್ತಿದ್ದಳು. ಪಕ್ಕದ ಚೀಲದಲ್ಲಿ ಟೇಲರ್ ಕೊಟ್ಟ ಹೊಸ ಕುಬಸ. ನನ್ನನ್ನು ನೋಡಿ ಕೆಲಸ ನಿಲ್ಲಿಸಿ, ಕಾಗದದ ರಿಮ್ಮೊಂದನ್ನು ಎಳೆದು ಕೂರಲು ಹೇಳಿದಳು. ನಾನು ಬಸ್ಸಿನ ಗದ್ದಲದಿಂದ ಶುರು ಮಾಡಿದೆ, ನಿಮ್ಮ ಅಣ್ಣ ಆರಾಮ ಇದ್ದಾರೆ ಎಂದೆ, ಗಿರಣಿ ಚೆನ್ನಾಗಿ ನಡೆದಿದೆ ಎಂದೆ, ನಿಮ್ಮ ಫೋಟೊವನ್ನು ಪಡಸಾಲೆಯಲ್ಲಿ ಹಾಕಿದ್ದಾರೆ ಎಂದೆ. ಅವಳ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಿದೆ.

ಅವಳು ಕೈಯಲ್ಲಿದ್ದ, ಕಾಗದದ ಮಡಿಕೆ ತೀಡುವ ಕಡ್ಡಿಯನ್ನು ಕೆಳಗಿಟ್ಟಳು.

“ಈ ಸಲ ಪೂರಾ ಹೇಳ್ರಿ ಸರ್.”