ಅಂಟುವ ಆಕಳಿಕೆ

ತೀರಿಕೊಂಡ ನನ್ನ ಗಂಡ ಕಾಳಿಮುತ್ತು ಗಾಜಿನ ಮುಚ್ಚಳದ ಐಸ್ ಪೆಟ್ಟಿಗೆಯಲ್ಲಿದ್ದರು. ದಿಂಡಿಗಲ್‌ನಿಂದ ಅವರ ತಮ್ಮ ಬರಲೆಂದು ಉತ್ತಮಪಾಳಯಂನ ನಮ್ಮ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ನಾನು ಆಕಳಿಸಿದೆ. ಕೂತವರೆಲ್ಲ ಒಬ್ಬೊಬ್ಬರಾಗಿ ಆಕಳಿಸಿದರು.

"ಇದು ಯಾಕಜ್ಜಿ ಹಿಂಗೆ ಅಂಟ್ತದೆ?" ಅಂದಳು ಮೊಮ್ಮಗಳು ಜೆಯಂತಿ.

"ಗಾಳಿ ಸಾಲದೆ," ಅಂದ ಪಕ್ಕದ ಮನೆಯ ಮೋಹನ್‌ರಾಜ್.

"ನೀನು ಮಾತು ನಿಲ್ಲಿಸು, ಎಲ್ಲರಿಗೂ ಗಾಳಿ ಮಿಗ್ತದೆ," ಅಂದೆ.

ಜೆಯಂತಿ ಫೋನ್ ನೋಡಿದಳು. "ಹತ್ತಿರದವರಿಗೆ ಬೇಗ ಅಂಟ್ತದಂತೆ."

ಅದಕ್ಕೆ ಫೋನ್ ಬೇಕಾ? ಮುನಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದರೂ, ನಾನು ಆಕಳಿಸಿದ ಸದ್ದಿಗೇ ನನ್ನ ಗಂಡನೂ ಆಕಳಿಸುತ್ತಿದ್ದರು.

ಮತ್ತೆ ಬಂತು. ಸೆರಗು ಅಡ್ಡ ಹಿಡಿಯದೆ, ಗಾಜಿನ ಮೇಲೆ ಬಗ್ಗಿ, ಬೇಕಂತಲೇ ಜೋರಾಗಿ ಆಕಳಿಸಿದೆ.

ಮೋಹನ್‌ರಾಜ್‌ಗೂ ಅಂಟಿತು. ಗಾಜಿನೊಳಗಿದ್ದ ಅವರಿಗೆ ಅಂಟಲಿಲ್ಲ.